ತಕ್ಕಡಿ ಹಿಡಿದ ಕೈ: ಊಟ, ಮೈತೂಕ ಮತ್ತು ರಾಜಕಾರಣ

ಒಬ್ಬ ಮನುಷ್ಯ ದಪ್ಪಗಾದರೆ ಅವನ ಬಾಯಿಚಪಲವನ್ನು ದೂರುವುದು, ಸೊರಗಿದರೆ ಹಣೆಬರಹವನ್ನು ಹಳಿಯುವುದು ರೂಢಿ. ಆದರೆ ಇಡೀ ದೇಶದ ಜನರ ತೂಕ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಂದೇ ದಿಕ್ಕಿಗೆ ಸರಿದರೆ ಈ ಮಾತು ಸಾಲದು. ಕೋಟಿ ಜನ ಒಟ್ಟಿಗೇ ಸೋಮಾರಿಗಳಾಗುವುದಿಲ್ಲ, ಕೋಟಿ ತಾಯಂದಿರು ಒಟ್ಟಿಗೇ ಮಕ್ಕಳ ಊಟವನ್ನು ಮರೆಯುವುದೂ ಇಲ್ಲ. ಯಾವ ಬೆಳೆಗೆ ಬೆಂಬಲ ಬೆಲೆ ಸಿಗಬೇಕು, ಯಾವ ಎಣ್ಣೆಯ ಆಮದು ಸುಂಕ ಇಳಿಯಬೇಕು, ನ್ಯಾಯಬೆಲೆ ಅಂಗಡಿಯ ತಕ್ಕಡಿಗೆ ಏನು ಬೀಳಬೇಕು, ಬಿಸಿಯೂಟದಲ್ಲಿ ಮೊಟ್ಟೆ ಇರಬೇಕೇ ಬೇಡವೇ, ಪೊಟ್ಟಣದ ಮುಖದ ಮೇಲೆ ಏನು ಅಚ್ಚಾಗಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅಡುಗೆಮನೆಯಲ್ಲಲ್ಲ. ಸಂಸತ್ತು, ಸಚಿವ ಸಂಪುಟ, ನ್ಯಾಯಾಲಯ ಮತ್ತು ವ್ಯಾಪಾರ ಒಪ್ಪಂದದ ಮಾತುಕತೆಗಳಲ್ಲಿ ಇವು ಇತ್ಯರ್ಥವಾಗುತ್ತವೆ. ಅಲ್ಲಿಂದ ತಟ್ಟೆಗೂ ತಟ್ಟೆಯಿಂದ ಮೈಗೂ ಇಳಿಯುತ್ತವೆ.

ಜಗತ್ತಿನಲ್ಲಿ ಬೊಜ್ಜಿನಿಂದ ಬಳಲುವವರ ಸಂಖ್ಯೆ 2022ರ ಹೊತ್ತಿಗೆ ನೂರು ಕೋಟಿಯನ್ನು ದಾಟಿತು. ಇದು ಸಿರಿವಂತ ದೇಶಗಳಿಗಷ್ಟೇ ಸೇರಿದ ತೊಂದರೆಯಾಗಿ ಉಳಿದಿಲ್ಲ. ಭಾರತದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ಶೇ 24ರಷ್ಟು ಮಹಿಳೆಯರು ಹೆಚ್ಚು ತೂಕದವರು, ಶೇ 18.7ರಷ್ಟು ಮಹಿಳೆಯರು ತೀರಾ ಕಡಿಮೆ ತೂಕದವರು. ಶೇ 57ರಷ್ಟು ಮಹಿಳೆಯರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಕುಂಠಿತ ಬೆಳವಣಿಗೆಯ ಮಕ್ಕಳು ಶೇ 35.4, ಹೆಚ್ಚು ತೂಕದ ಮಹಿಳೆಯರು ಶೇ 30.1. ಒಂದೇ ದೇಶದಲ್ಲಿ, ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಸೊರಗಿದ ಮಗುವೂ ಬೊಜ್ಜಿನ ತಾಯಿಯೂ ಇರುತ್ತಾರೆ. ಆ ತಾಯಿಗೆ ರಕ್ತಹೀನತೆಯೂ ಇರಬಹುದು.

ಈ ಎರಡು ತೊಂದರೆಗಳು ಒಂದಕ್ಕೊಂದು ವಿರುದ್ಧ ಎನಿಸಿದರೂ ಬೇರು ಒಂದೇ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿ ಇಡಲಾಗಿತ್ತು. ದಶಕಗಳ ಬಳಿಕ ಸಂಶೋಧಕರು ಆ ದಾಖಲೆಗಳನ್ನು ಹಿಡಿದು ಅದೇ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ತಾಯಿಯ ಹೊಟ್ಟೆಯಲ್ಲಿ ಅರೆಹೊಟ್ಟೆ ಉಂಡ ಮಗು ಸಣ್ಣ ಸ್ನಾಯುಗಳೊಂದಿಗೆ, ಕೊಬ್ಬನ್ನು ಕೂಡಿಡುವ ಮೈಯೊಂದಿಗೆ ಹುಟ್ಟುತ್ತದೆ. ಮುಂದೆ ಅಗ್ಗದ ಹಿಟ್ಟು, ಸಕ್ಕರೆ, ಎಣ್ಣೆ ಧಾರಾಳವಾಗಿ ಸಿಕ್ಕಾಗ ಬೇಗ ಸಕ್ಕರೆ ಕಾಯಿಲೆಗೆ ತುತ್ತಾಗುತ್ತದೆ. ತಾಯಂದಿರ ಇಂದಿನ ಊಟದ ಬಗ್ಗೆ ಸರ್ಕಾರ ತೋರುವ ಉದಾಸೀನ ಐವತ್ತು ವರ್ಷಗಳ ಬಳಿಕ ಮಕ್ಕಳ ಮೈಯಲ್ಲಿ ಕಾಣಿಸುತ್ತದೆ.

ರಾಜಕಾರಣ ಓಗೊಡುವುದು ಕಣ್ಣಿಗೆ ಕಾಣುವ ಹಸಿವಿಗೆ. ರಸ್ತೆಬದಿಯ ಶವ, ಖಾಲಿ ಪಾತ್ರೆ, ಅಕ್ಕಿಯ ಮೂಟೆ ಕಾಣುತ್ತವೆ. ಕಬ್ಬಿಣದ ಅಂಶದ ಕೊರತೆ, ಬೆಳೆಯದ ಎಲುಬು, ನಿಧಾನವಾಗಿ ಏರುವ ಸೊಂಟದ ಸುತ್ತಳತೆ ಕಾಣುವುದಿಲ್ಲ. ಕಾಣದ್ದನ್ನು ಯಾರಾದರೂ ಕಾಣುವಂತೆ ಮಾಡಿದಾಗಲೆಲ್ಲ ಸರ್ಕಾರಗಳು ಕದಲಿವೆ. ಬಡ ದೇಶಗಳ ಊಟದ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ನಡೆದಿದೆ.

ಬರ ಬೇರೆ, ಸಾವು ಬೇರೆ

ಮಳೆ ಕೈಕೊಟ್ಟರೆ ಬರ ಬರುತ್ತದೆ. ಆ ಬರದಲ್ಲಿ ಜನ ಸಾಯುವುದೋ ಉಳಿಯುವುದೋ ಆಳುವವರ ಕೈಯಲ್ಲಿರುತ್ತದೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು, ಅಂದರೆ ಐದರಲ್ಲೊಂದು ಪಾಲು ಜನರನ್ನು, ಕಳೆದುಕೊಂಡಿತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯ ರಫ್ತಾಗುತ್ತಲೇ ಇತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದ ಬರ ಕಾಮಗಾರಿಗಳಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂದು ಗೊತ್ತುಮಾಡಿದ. ಕಲ್ಲು ಒಡೆಯುವವನ ಹೊಟ್ಟೆಗೆ ಬೀಳಬೇಕಾದ ಅನ್ನವನ್ನು ಖಜಾನೆಯ ಉಳಿತಾಯದ ಲೆಕ್ಕದಲ್ಲಿ ತೂಗಲಾಯಿತು.

1943ರಲ್ಲಿ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಪ್ರಾಂತ್ಯದಲ್ಲಿ ಅಕ್ಕಿ ಇತ್ತು. ಯುದ್ಧಕಾಲದ ಬೆಲೆ ಏರಿಕೆಯಲ್ಲಿ ಕೂಲಿಕಾರರಿಗೂ ಮೀನುಗಾರರಿಗೂ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಸೆನ್ಸಾರ್‌ನ ನಡುವೆಯೂ ಆ ವರ್ಷದ ಆಗಸ್ಟ್‌ನಲ್ಲಿ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ ಕಲ್ಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಅಚ್ಚುಹಾಕಿತು. ಅಲ್ಲಿಯವರೆಗೆ ಕ್ಷಾಮವೆಂಬ ಮಾತನ್ನೇ ಆಡದಿದ್ದ ಸರ್ಕಾರ ಬಾಯಿಬಿಡಲೇಬೇಕಾಯಿತು. ಅದಾಗಿ ಹದಿನೈದು ವರ್ಷಗಳ ಬಳಿಕ ಚೀನಾದಲ್ಲಿ ‘ಮಹಾ ಮುನ್ನೆಗೆತ’ದ ಹೆಸರಿನಲ್ಲಿ ಸುಳ್ಳು ಇಳುವರಿಯ ಲೆಕ್ಕಗಳು ಮೇಲಕ್ಕೆ ಹೋದವು, ಹಳ್ಳಿಗಳ ಧಾನ್ಯ ಸರ್ಕಾರದ ಪಾಲಾಯಿತು. ಪ್ರಶ್ನಿಸುವ ಪತ್ರಿಕೆಯಾಗಲಿ ವಿರೋಧ ಪಕ್ಷವಾಗಲಿ ಇರಲಿಲ್ಲ. 1958–61ರ ನಡುವೆ ಸತ್ತವರ ಸಂಖ್ಯೆಯ ಅಂದಾಜುಗಳು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇವೆ.

ಸ್ವತಂತ್ರ ಭಾರತದಲ್ಲಿ ಆ ಪ್ರಮಾಣದ ಕ್ಷಾಮ ಬರಲಿಲ್ಲ. ಮತ ಕೇಳಬೇಕಾದ ಸರ್ಕಾರ, ಬರೆಯುವ ಪತ್ರಿಕೆ, ಕೂಗುವ ವಿರೋಧ ಪಕ್ಷ ಅದನ್ನು ತಡೆದವು. 1972–73ರ ಭೀಕರ ಬರದಲ್ಲಿ ಮಹಾರಾಷ್ಟ್ರ ಲಕ್ಷಾಂತರ ಜನರಿಗೆ ಕಾಮಗಾರಿ ಕೆಲಸ ಕೊಟ್ಟಿತು. ಅದೇ ಮುಂದೆ ಉದ್ಯೋಗ ಖಾತರಿಯ ಕಾನೂನಾಯಿತು. ಆದರೆ ಸೇನ್ ಇನ್ನೊಂದು ಮಾತನ್ನೂ ಎಚ್ಚರಿಸಿ ಹೇಳಿದರು. ಕ್ಷಾಮವನ್ನು ತಡೆದ ಪ್ರಜಾಪ್ರಭುತ್ವವೇ ದಿನದಿನದ ಅರೆಹೊಟ್ಟೆಯನ್ನು ಸದ್ದಿಲ್ಲದೆ ಸಹಿಸಿಕೊಂಡಿತು. ಒಮ್ಮೆಗೇ ಸಾಯುವ ಸಾವಿರ ಜನ ಸುದ್ದಿಯಾಗುತ್ತಾರೆ, ಎರಡು ಅಂಗುಲ ಕಡಿಮೆ ಬೆಳೆದ ಕೋಟಿ ಮಕ್ಕಳು ಆಗುವುದಿಲ್ಲ.

ಅಕ್ಕಿ–ಗೋಧಿಯ ದಾರಿ

1960ರ ದಶಕದ ನಡುವೆ ಭಾರತ ಅಮೆರಿಕದ ಪಿಎಲ್–480 ಯೋಜನೆಯ ಗೋಧಿಯನ್ನು ನೆಚ್ಚಿಕೊಂಡಿತ್ತು. ವಿದೇಶಾಂಗ ನೀತಿಯ ಮುನಿಸು ಬಂದಾಗ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹಡಗುಗಳನ್ನು ತಡೆತಡೆದು ಕಳಿಸುತ್ತಿದ್ದರು. ಹಸಿವು ರಾಜತಂತ್ರದ ಹಗ್ಗವಾಗಿತ್ತು. ಆ ಹಗ್ಗದಿಂದ ಬಿಡಿಸಿಕೊಳ್ಳಲು 1965ರಲ್ಲಿ ಭಾರತೀಯ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಹುಟ್ಟಿದವು. ಹೊಸ ತಳಿ, ನೀರಾವರಿ, ಸಬ್ಸಿಡಿಯ ಗೊಬ್ಬರ, ಖಾತರಿ ಖರೀದಿ ಎಲ್ಲವೂ ಗೋಧಿ ಮತ್ತು ಭತ್ತದ ಕಡೆಗೆ ಹರಿದವು. ದೇಶದ ಹೊಟ್ಟೆ ತುಂಬಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಖಾತರಿ ಖರೀದಿ ಇಲ್ಲದ ಬೆಳೆಗಳು ಹಿಂದೆ ಬಿದ್ದವು. ಬೇಳೆಕಾಳು ದುಬಾರಿಯಾಯಿತು. ಜೋಳ, ಸಜ್ಜೆ, ನವಣೆ ಹೊಲದಿಂದಲೂ ತಟ್ಟೆಯಿಂದಲೂ ಸರಿದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರಂಥವರ ದುಡಿಮೆಯಿಂದ ರಾಗಿ ಉಳಿದುಕೊಂಡಿತು. ಆದರೂ ದೇಶದ ಖರೀದಿ ವ್ಯವಸ್ಥೆಯಲ್ಲಿ ಅದಕ್ಕೆ ಬಹುಕಾಲ ಜಾಗವಿರಲಿಲ್ಲ. ಕರ್ನಾಟಕ ಸರ್ಕಾರ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ಪಡಿತರದಲ್ಲಿ ಹಂಚತೊಡಗಿದ ಮೇಲೆ ಹಳೆ ಮೈಸೂರು ಸೀಮೆಯ ನ್ಯಾಯಬೆಲೆ ಅಂಗಡಿಗಳಲ್ಲಿ ಮುದ್ದೆಯ ಹಿಟ್ಟಿಗೆ ದಾರಿಯಾಯಿತು. 2013–14ರಲ್ಲಿ ಕ್ವಿಂಟಲ್ ರಾಗಿಗೆ 1500 ರೂಪಾಯಿ ಇದ್ದ ಬೆಂಬಲ ಬೆಲೆ 2025–26ಕ್ಕೆ 4886 ರೂಪಾಯಿಗೆ ಏರಿದೆ.

ಪಡಿತರವನ್ನು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹಕ್ಕಾಗಿಸಿತು. ದೇಶದ ಸುಮಾರು ಮೂರನೇ ಎರಡು ಭಾಗ ಜನರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಅದೇ ವರ್ಷ ಜುಲೈನಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಬಂತು. ಮುಂದಿನ ಹತ್ತು ವರ್ಷ ರಾಜ್ಯದ ಚುನಾವಣೆಗಳಲ್ಲಿ ಅಕ್ಕಿಯ ಕಿಲೋ ಲೆಕ್ಕವೇ ವಾಗ್ದಾನವಾಯಿತು. 2023ರಲ್ಲಿ ತಲೆಗೆ 10 ಕೆ.ಜಿ. ಎಂದು ಘೋಷಿಸಿದಾಗ ಆಹಾರ ನಿಗಮದ ಅಕ್ಕಿ ರಾಜ್ಯಕ್ಕೆ ಸಿಗಲಿಲ್ಲ. ಕೇಂದ್ರ–ರಾಜ್ಯಗಳ ಜಟಾಪಟಿಯ ನಡುವೆ ಕೆಲಕಾಲ ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಹಣ ಖಾತೆಗೆ ಬಿತ್ತು. ಈ ಎಲ್ಲ ಗದ್ದಲದಲ್ಲಿ ಬೇಳೆಯ ಮಾತು ಹಿಂದೆ ಉಳಿಯಿತು. ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿರುವ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ ಒಪ್ಪಿದ್ದು 2025ರ ಅಕ್ಟೋಬರಿನಲ್ಲಿ. ಅಕ್ಕಿ ಹಸಿವನ್ನು ಅಡಗಿಸುತ್ತದೆ, ಮಗುವಿನ ಸ್ನಾಯುವನ್ನು ಕಟ್ಟಲು ಬೇಳೆ, ಹಾಲು, ಮೊಟ್ಟೆ, ಸೊಪ್ಪು ಬೇಕು. ಕಿಲೋ ಲೆಕ್ಕಕ್ಕೆ ಸಿಗುವ ಮತ ಪ್ರೋಟೀನ್ ಲೆಕ್ಕಕ್ಕೆ ಸಿಗದಿರುವುದೇ ಇಲ್ಲಿನ ತೊಡಕು.

ಕಾಣದ ಕೊರತೆ ರಾಜಕೀಯದಲ್ಲಿ ಎಷ್ಟು ಹಗುರವೆಂಬುದಕ್ಕೆ ಉಪ್ಪು ಸಾಕ್ಷಿ. ಗಂಟಲುಗಂಡ ಮತ್ತು ಮಕ್ಕಳ ಬುದ್ಧಿಮಾಂದ್ಯವನ್ನು ತಡೆಯಲು ಅಯೋಡಿನ್ ಇಲ್ಲದ ಉಪ್ಪಿನ ಮಾರಾಟವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. ಎರಡೇ ವರ್ಷಕ್ಕೆ, 2000ದಲ್ಲಿ, ನಿಷೇಧ ತೆಗೆಯಿತು. ವೈದ್ಯರು ಪಟ್ಟು ಹಿಡಿದ ಮೇಲೆ 2005–06ರಲ್ಲಿ ಮತ್ತೆ ತಂದಿತು. ಆ ನಡುವಿನ ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆ ಈ ಹಿಂದುಮುಂದಿನ ಬಗ್ಗೆ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ.

ಅಗ್ಗದ ರೊಟ್ಟಿಯ ದೇಶ

ಅಗ್ಗದ ಧಾನ್ಯವನ್ನೇ ನೆಚ್ಚಿದ ನೀತಿ ಎಲ್ಲಿಗೆ ಮುಟ್ಟಬಹುದೆಂದು ಈಜಿಪ್ಟ್ ತೋರಿಸುತ್ತದೆ. ಅಲ್ಲಿನ ಜನ ರೊಟ್ಟಿಯನ್ನು ‘ಐಶ್’ ಎನ್ನುತ್ತಾರೆ. ಆ ಪದಕ್ಕೆ ಬದುಕು ಎಂದೇ ಅರ್ಥ. ಬೆಳಗಾದರೆ ಸರ್ಕಾರಿ ರೊಟ್ಟಿಯ ಅಂಗಡಿಯ ಕಿಂಡಿಯ ಮುಂದೆ ಸಾಲು ನಿಲ್ಲುತ್ತದೆ. ಕಾರ್ಡು ಉಜ್ಜಿದರೆ ತಲೆಗೆ ದಿನಕ್ಕೆ ಐದು ರೊಟ್ಟಿ. 1977ರ ಜನವರಿಯಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಆಹಾರ ಸಬ್ಸಿಡಿ ಕಡಿತಗೊಳಿಸಿದಾಗ ನಗರಗಳು ಹೊತ್ತಿ ಉರಿದವು. ಎರಡೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಸರ್ಕಾರ ಆದೇಶವನ್ನು ಹಿಂದೆಗೆದುಕೊಂಡಿತು. ಆ ಭಯ ಎಷ್ಟು ಗಾಢವಾಗಿತ್ತೆಂದರೆ, ದಶಕಗಳ ಕಾಲ 5 ಪಿಯಾಸ್ಟರ್‌ಗೆ ನಿಂತಿದ್ದ ರೊಟ್ಟಿಯ ಬೆಲೆ 20ಕ್ಕೆ ಏರಿದ್ದು 2024ರ ಜೂನಿನಲ್ಲಿ.

ರೊಟ್ಟಿ, ಸಕ್ಕರೆ, ಎಣ್ಣೆಗೆ ಸಬ್ಸಿಡಿ ಸಿಕ್ಕಿತು. ಹಣ್ಣು, ತರಕಾರಿ, ಹಾಲಿಗೆ ಸಿಗಲಿಲ್ಲ. ಬಡವರ ಮನೆಯಲ್ಲಿ ಅಗ್ಗದ್ದೇ ಹೊಟ್ಟೆ ತುಂಬಿಸುತ್ತದೆ. ಇಂದು ಈಜಿಪ್ಟಿನ ವಯಸ್ಕರಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಬೊಜ್ಜು, ಹೆಂಗಸರಲ್ಲಿ ಇನ್ನೂ ಹೆಚ್ಚು. 2014ರ ಸಮೀಕ್ಷೆಯಲ್ಲಿ ಅದೇ ದೇಶದ ಐದರಲ್ಲೊಂದು ಮಗು ಕುಂಠಿತವಾಗಿತ್ತು. ರೊಟ್ಟಿಯನ್ನು ಕಿತ್ತುಕೊಳ್ಳುವುದು ಇದಕ್ಕೆ ಪರಿಹಾರವಲ್ಲ, ಹಾಗೆ ಮಾಡಿದರೆ ಬಡವರು ಉಪವಾಸ ಬೀಳುತ್ತಾರೆ. ರೊಟ್ಟಿಯ ಪಕ್ಕದಲ್ಲಿ ಬೇರೆ ಊಟಕ್ಕೂ ಕೈಗೆಟುಕುವ ಬೆಲೆ ಬರಬೇಕಿತ್ತು. ಬೀದಿಗಿಳಿಯುವ ಕೋಪ ರೊಟ್ಟಿಗಾಗಿ ಮಾತ್ರ ಇದ್ದುದರಿಂದ ಸರ್ಕಾರಗಳೂ ಅಷ್ಟಕ್ಕೇ ನಿಂತವು.

ಒಂದು ಮೊಟ್ಟೆಯ ಸುತ್ತ

ಶಾಲೆಯಲ್ಲಿ ಊಟ ಕೊಡುವುದನ್ನು ರಾಜಕೀಯದ ನಡುಮನೆಗೆ ತಂದವರು ತಮಿಳುನಾಡಿನವರು. 1956ರಲ್ಲಿ ಕಾಮರಾಜ್, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ವಿಸ್ತರಿಸಿದರು. ದೇಶದ ಉಳಿದ ಭಾಗದಲ್ಲಿ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಟ್ಟು ಕೈತೊಳೆದುಕೊಳ್ಳಲಾಗುತ್ತಿತ್ತು. 2001ರಲ್ಲಿ ಆಹಾರ ನಿಗಮದ ಗೋದಾಮುಗಳು ತುಂಬಿ ತುಳುಕುತ್ತಿದ್ದಾಗಲೇ ರಾಜಸ್ಥಾನದಲ್ಲಿ ಹಸಿವಿನ ಸಾವುಗಳು ವರದಿಯಾದವು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಆ ವರ್ಷ ನವೆಂಬರ್ 28ರಂದು ನ್ಯಾಯಾಲಯ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೂ ಬೇಯಿಸಿದ ಊಟ ಕೊಡಲು ಆದೇಶಿಸಿತು. ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ 2002ರಲ್ಲಿ ಮೊದಲು ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಒಲೆ ಹಚ್ಚಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಸೇರಿತು. ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು ಮಕ್ಕಳ ಲೋಟಕ್ಕೆ ಬಿತ್ತು. ಹಾಲು ಒಕ್ಕೂಟಗಳಲ್ಲಿ ಮಿಕ್ಕ ಹಾಲಿಗೂ ದಾರಿ ಸಿಕ್ಕಿತು. ರೈತನ ಹಿತವೂ ಮಗುವಿನ ಹಿತವೂ ಒಂದಾದ ಕಡೆ ಯೋಜನೆ ಗಟ್ಟಿಯಾಗಿ ನಿಲ್ಲುತ್ತದೆ.

ಮೊಟ್ಟೆಯ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಂಠಿತರು ಎಂದು ಸಮೀಕ್ಷೆ ಹೇಳಿತ್ತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರುಮಾಡಿದಾಗ ಕೆಲವು ಮಠಾಧೀಶರೂ ಸಂಘಟನೆಗಳೂ ವಿರೋಧಿಸಿದರು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಇತ್ತು, ಬಲವಂತ ಇರಲಿಲ್ಲ. ಆದರೂ ಶಾಲೆಯಲ್ಲಿ ಮೊಟ್ಟೆ ಬೇಯುವುದೇ ಬೇಡ ಎಂಬ ಒತ್ತಡ ಬಂತು. ಆಗ ಕೊಪ್ಪಳ ಜಿಲ್ಲೆಯ ಶಾಲಾ ಬಾಲಕಿಯರೇ ಮುಂದೆ ಬಂದು, ಮೊಟ್ಟೆ ತಮಗೆ ಬೇಕೆಂದು ಗಟ್ಟಿಯಾಗಿ ಹೇಳಿದರು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದಾಗ, ಯಾದಗಿರಿಯ ಮಕ್ಕಳ ಬೆಳವಣಿಗೆ ಮುಂದಿತ್ತು. ತಕ್ಕಡಿಯ ಮುಳ್ಳು ವಾದವನ್ನು ತೀರಿಸಿತು. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು, ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ.

ಮನೆಯ ಬಡತನ, ಜಾತಿಯ ಕಟ್ಟಳೆ, ಪ್ರದೇಶದ ಹಿಂದುಳಿಯುವಿಕೆ ಎಲ್ಲವೂ ಆ ಒಂದು ಮೊಟ್ಟೆಯ ಸುತ್ತ ಬಂದು ನಿಂತಿದ್ದವು. ಯಾರ ಊಟದ ಪದ್ಧತಿ ಸರ್ಕಾರದ ಪದ್ಧತಿಯಾಗಬೇಕು ಎಂಬ ಜಗಳದಲ್ಲಿ ಮಗುವಿನ ಮೈಗೆ ಏನು ಬೇಕು ಎಂಬ ಪ್ರಶ್ನೆ ಮೊದಲು ಬರಬೇಕು. ಅದನ್ನು ಮೊದಲು ಇಟ್ಟವರು ಮಕ್ಕಳೇ.

ಹಡಗಿನಲ್ಲಿ ಬಂದ ಕೊಬ್ಬು

ಸಣ್ಣ ದೇಶಗಳ ತಟ್ಟೆಯನ್ನು ತುಂಬಿಸುವ ಕೈ ಎಷ್ಟೋ ಸಲ ಸಮುದ್ರದಾಚೆ ಇರುತ್ತದೆ. ಶಾಂತಸಾಗರದ ಸಮೋವಾದ ಜನ ಮೀನು, ಕೆಸುವಿನ ಗೆಡ್ಡೆ, ತೆಂಗು ತಿಂದು ಬಾಳಿದವರು. ಅಲ್ಲಿಗೆ ಅಮೆರಿಕದಿಂದ ಟರ್ಕಿ ಕೋಳಿಯ ಬಾಲದ ತುಂಡುಗಳು ಹಡಗುಗಟ್ಟಲೆ ಬರತೊಡಗಿದವು. ತವರಿನಲ್ಲಿ ಹೆಚ್ಚಾಗಿ ಯಾರಿಗೂ ಬೇಡವಾದ, ಬಹುಪಾಲು ಕೊಬ್ಬೇ ಆದ ತುಂಡು ಅದು. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ವಿಪರೀತವಾದಾಗ ಸಮೋವಾ 2007ರಲ್ಲಿ ಅದರ ಆಮದನ್ನು ನಿಷೇಧಿಸಿತು. ಮುಂದೆ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಲು ಹೊರಟಾಗ, ನಿಷೇಧ ತೆಗೆಯಬೇಕೆಂಬ ಷರತ್ತು ಎದುರಾಯಿತು. ಸಮೋವಾ ಒಪ್ಪಿ 2012ರಲ್ಲಿ ಸದಸ್ಯನಾಯಿತು. ಜನರ ಆರೋಗ್ಯಕ್ಕಾಗಿ ಮುಚ್ಚಿದ ಬಾಗಿಲನ್ನು ವ್ಯಾಪಾರದ ನಿಯಮ ತೆರೆಸಿತು.

ಭಾರತದ ಬಾಣಲೆಗೂ ಇಂಥದೇ ಕಥೆಯಿದೆ. ಎಣ್ಣೆಕಾಳಿನಲ್ಲಿ ಸ್ವಾವಲಂಬನೆಗಾಗಿ 1986ರಲ್ಲಿ ತಂತ್ರಜ್ಞಾನ ಮಿಷನ್ ಶುರುವಾಯಿತು. ಎಂಟು ವರ್ಷಗಳ ಬಳಿಕ, 1994ರಲ್ಲಿ, ಪಾಮೋಲಿನ್ ಆಮದನ್ನು ಮುಕ್ತಗೊಳಿಸಲಾಯಿತು. ಶೇ 65ರಷ್ಟಿದ್ದ ಸುಂಕ ನಾಲ್ಕೇ ವರ್ಷಗಳಲ್ಲಿ ಶೇ 15ಕ್ಕೆ ಇಳಿಯಿತು. ಶೇಂಗಾ, ಕುಸುಬೆ ಗಾಣದ ಎಣ್ಣೆಯ ಜಾಗಕ್ಕೆ ಮಲೇಷ್ಯಾ, ಇಂಡೊನೇಷ್ಯಾದ ಎಣ್ಣೆ ಬಂತು. ಇಂದು ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕೂ ಹೆಚ್ಚು ಆಮದಿನದು. ಹಳ್ಳಿಯ ಕಿರಾಣಿ ಅಂಗಡಿಯ ಮುಂದೆ ಮಾಲೆಯಂತೆ ತೂಗುವ ಐದು ರೂಪಾಯಿಯ ಪೊಟ್ಟಣಗಳು ಈ ಅಗ್ಗದ ಎಣ್ಣೆಯ ಮಕ್ಕಳು. ಕೂಲಿಗೆ ಹೊರಟ ತಾಯಿ ಅಳುವ ಮಗುವಿಗೆ ಕೊಡಿಸುವುದು ಅದನ್ನೇ. ಐದು ರೂಪಾಯಿಗೆ ಒಂದು ಬಾಳೆಹಣ್ಣು ಸಿಗುವುದು ಕಷ್ಟ, ಒಂದು ಪೊಟ್ಟಣ ಸಿಕ್ಕೇ ಸಿಗುತ್ತದೆ. ಈ ಬೆಲೆ ತಾನಾಗಿ ಹುಟ್ಟಿದ್ದಲ್ಲ. ಸುಂಕ, ತೆರಿಗೆ, ಬೆಂಬಲ ಬೆಲೆಗಳು ಕೂಡಿ ಅದನ್ನು ಕಟ್ಟಿವೆ.

ಹನ್ನೆರಡು ಚಮಚ, ಎಂಟು ಮೂಲೆ

1994ರ ಜನವರಿಯಿಂದ ಅಮೆರಿಕ, ಕೆನಡಾದೊಂದಿಗೆ ಮುಕ್ತ ವ್ಯಾಪಾರಕ್ಕೆ ಇಳಿದ ಮೆಕ್ಸಿಕೊ ಜಗತ್ತಿನಲ್ಲೇ ಅತಿ ಹೆಚ್ಚು ತಂಪು ಪಾನೀಯ ಕುಡಿಯುವ ದೇಶಗಳಲ್ಲಿ ಒಂದಾಯಿತು. 2000ದಲ್ಲಿ ಅಧ್ಯಕ್ಷರಾದ ವಿಸೆಂತೆ ಫಾಕ್ಸ್ ಅದಕ್ಕೂ ಮೊದಲು ಅಲ್ಲಿನ ಕೋಕ–ಕೋಲಾ ಕಂಪನಿಯ ಮುಖ್ಯಸ್ಥರಾಗಿದ್ದವರು. 2012–13ರಲ್ಲಿ ಗ್ರಾಹಕ ಹೋರಾಟಗಾರರು ರಾಜಧಾನಿಯ ಮೆಟ್ರೊ ನಿಲ್ದಾಣಗಳಲ್ಲಿ ಒಂದು ಚಿತ್ರ ಹಾಕಿದರು: ಪಾನೀಯದ ಬಾಟಲಿ, ಅದರ ಪಕ್ಕ ಹನ್ನೆರಡು ಚಮಚ ಸಕ್ಕರೆ. ಇಷ್ಟು ಸಕ್ಕರೆಯನ್ನು ಚಮಚದಲ್ಲಿ ತಿನ್ನುವಿರಾ ಎಂಬ ಪ್ರಶ್ನೆ ಅದರ ಮೇಲಿತ್ತು. ಬಾಟಲಿಯಲ್ಲಿ ಕರಗಿ ಕಾಣದಾಗಿದ್ದುದು ಕಣ್ಣಿಗೆ ಬಿತ್ತು. 2014ರ ಜನವರಿ 1ರಿಂದ ಲೀಟರಿಗೆ ಒಂದು ಪೆಸೊ ತೆರಿಗೆ ಬಂತು. ಮೊದಲ ವರ್ಷ ಖರೀದಿ ಸುಮಾರು ಶೇ 6ರಷ್ಟು, ಎರಡನೆಯ ವರ್ಷ ಸುಮಾರು ಶೇ 10ರಷ್ಟು ಇಳಿಯಿತು. ಇಳಿತ ಬಡ ಮನೆಗಳಲ್ಲೇ ಹೆಚ್ಚು. 2016ರಲ್ಲಿ ತೆರಿಗೆ ಏರಿಸಲು ಒತ್ತಾಯಿಸುತ್ತಿದ್ದ ವಿಜ್ಞಾನಿ ಮತ್ತು ಹೋರಾಟಗಾರರ ಫೋನುಗಳಿಗೆ ಬೇಹುಗಾರಿಕೆ ತಂತ್ರಾಂಶದ ಕೊಂಡಿಗಳು ಬಂದವು ಎಂಬುದು ಮರುವರ್ಷ ಬಯಲಾಯಿತು. ಸಕ್ಕರೆಯ ಹಿಂದೆ ಎಂಥ ಬಲ ನಿಂತಿರುತ್ತದೆ ಎಂಬುದಕ್ಕೆ ಇದು ಗುರುತು.

ಚಿಲಿ ಇನ್ನೂ ಮುಂದೆ ಹೋಯಿತು. ಅಲ್ಲಿ 1970ರಲ್ಲಿ ವೈದ್ಯರೂ ಆಗಿದ್ದ ಸಾಲ್ವದೋರ್ ಅಯೆಂದೆ ಪ್ರತಿ ಮಗುವಿಗೂ ದಿನಕ್ಕೆ ಅರ್ಧ ಲೀಟರ್ ಹಾಲು ಎಂಬ ವಾಗ್ದಾನದೊಂದಿಗೆ ಅಧ್ಯಕ್ಷ ಚುನಾವಣೆ ಗೆದ್ದಿದ್ದರು. ಮುಂದಿನ ದಶಕಗಳಲ್ಲಿ ಮಕ್ಕಳ ಸೊರಗು ಹೆಚ್ಚುಕಡಿಮೆ ಮಾಯವಾಯಿತು. ಆ ಜಾಗಕ್ಕೆ ಬೊಜ್ಜು ಬಂತು. ವೈದ್ಯರೂ ಸೆನೆಟರೂ ಆದ ಗೀದೊ ಹಿರಾರ್ದಿ ವರ್ಷಗಟ್ಟಲೆ ಗುದ್ದಾಡಿ ತಂದ ಕಾನೂನು 2016ರ ಜೂನಿನಲ್ಲಿ ಜಾರಿಯಾಯಿತು. ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲರಿ ಮಿತಿ ಮೀರಿದ ಪ್ರತಿಯೊಂದು ಪೊಟ್ಟಣದ ಮುಖದ ಮೇಲೆ ಕಪ್ಪು ಎಂಟು ಮೂಲೆಯ ಮುದ್ರೆ ಬಿತ್ತು. ನಾಲ್ಕೂ ಮೀರಿದರೆ ನಾಲ್ಕು ಮುದ್ರೆ. ಅಕ್ಷರ ಬಾರದವರೂ ಎಣಿಸಬಹುದು. ಮಕ್ಕಳ ಉಪಾಹಾರದ ಡಬ್ಬಿಯಿಂದ ನಗುವ ಹುಲಿ, ಮೊಲದ ಚಿತ್ರಗಳು ಮರೆಯಾದವು. ಮುದ್ರೆ ಬಿದ್ದ ತಿನಿಸನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳಿಗೆ ಜಾಹೀರಾತು ಕೊಡುವಂತಿಲ್ಲ. ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಶೇ 24ರಷ್ಟು ಇಳಿಯಿತು. ಮುದ್ರೆ ತಪ್ಪಿಸಿಕೊಳ್ಳಲು ಕಂಪನಿಗಳೇ ಸಕ್ಕರೆ, ಉಪ್ಪು ಕಡಿಮೆ ಮಾಡಿದವು.

ಭಾರತದಲ್ಲಿ ಈ ಕೆಲಸ ಅರ್ಧ ದಾರಿಯಲ್ಲಿದೆ. ಎಣ್ಣೆ ಮತ್ತು ತಿನಿಸುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ, ಅದು ದೊಡ್ಡ ಹೆಜ್ಜೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು 2020ರ ನಿಯಮ ಹೇಳುತ್ತದೆ. ಶಾಲೆ ಬಿಡುವ ಹೊತ್ತಿಗೆ ಯಾವ ಊರಿನ ಗೇಟಿನ ಮುಂದೆ ನಿಂತರೂ ಅದು ಕಾಗದದಲ್ಲೇ ಉಳಿದಿರುವುದು ಗೊತ್ತಾಗುತ್ತದೆ. ಗುಳ್ಳೆಯೇಳುವ ತಂಪು ಪಾನೀಯಗಳ ಮೇಲೆ ಶೇ 40ರಷ್ಟು ತೆರಿಗೆಯಿದ್ದರೂ ಅದು ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಏರುವುದಿಲ್ಲ, ಸಕ್ಕರೆ ಕಡಿಮೆ ಮಾಡಿದ ಕಂಪನಿಗೆ ಲಾಭವಿಲ್ಲ. 2022ರ ಕರಡು ನಿಯಮ ಎಚ್ಚರಿಕೆಯ ಮುದ್ರೆಯ ಬದಲು ಅರ್ಧದಿಂದ ಐದರವರೆಗಿನ ನಕ್ಷತ್ರಗಳನ್ನು ಸೂಚಿಸಿತು. ಕೆಟ್ಟ ತಿನಿಸಿಗೂ ಒಂದು ನಕ್ಷತ್ರ ಸಿಕ್ಕರೆ ಅದು ಹೊಗಳಿಕೆಯಂತೆಯೇ ಕಾಣುತ್ತದೆ ಎಂದು ಪೌಷ್ಟಿಕತಜ್ಞರು ವಿರೋಧಿಸಿದರು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯಕ್ಕೆ ಗಡುವು ಹಾಕಬೇಕಾಯಿತು.

ಹೋಗಿ ಬಂದ ಹಸಿವು

ರಾಜಕಾರಣ ಬದಲಾದರೆ ಎಷ್ಟು ಬೇಗ ತಟ್ಟೆ ಬದಲಾಗುತ್ತದೆ ಎಂಬುದನ್ನು ಬ್ರೆಜಿಲ್ ಎರಡೂ ದಿಕ್ಕಿನಲ್ಲಿ ತೋರಿಸಿದೆ. 2003ರಲ್ಲಿ ಅಧ್ಯಕ್ಷ ಲೂಲ ‘ಶೂನ್ಯ ಹಸಿವು’ ಯೋಜನೆ ಶುರುಮಾಡಿದರು. ಮಕ್ಕಳನ್ನು ಶಾಲೆಗೂ ಆಸ್ಪತ್ರೆಗೂ ಕಳಿಸುವ ಬಡ ಮನೆಯ ತಾಯಂದಿರ ಕೈಗೆ ನೇರ ಹಣ ಬಂತು. ಶಾಲಾ ಊಟದ ಕೇಂದ್ರ ಅನುದಾನದಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತರಿಂದ ಕೊಳ್ಳಲು ಬಳಸಬೇಕೆಂದು 2009ರ ಕಾನೂನು ಹೇಳಿತು. 2010ರಲ್ಲಿ ಆಹಾರದ ಹಕ್ಕು ಸಂವಿಧಾನಕ್ಕೆ ಸೇರಿತು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಬ್ರೆಜಿಲ್ ಹೊರಬಂತು. ಅದೇ ವರ್ಷ ಸರ್ಕಾರ ಹೊರಡಿಸಿದ ಆಹಾರ ಮಾರ್ಗಸೂಚಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು ಬಿಟ್ಟು ಮನೆಯಡುಗೆ ಉಣ್ಣಿ ಎಂದು ನೇರವಾಗಿ ಹೇಳಿತು. 2019ರ ಜನವರಿ 1ರಂದು, ಅಧಿಕಾರಕ್ಕೆ ಬಂದ ಮೊದಲ ದಿನವೇ, ಬೊಲ್ಸೊನಾರೊ ಸರ್ಕಾರ ಜನರೂ ಅಧಿಕಾರಿಗಳೂ ಒಟ್ಟಿಗೆ ಕೂರುತ್ತಿದ್ದ ರಾಷ್ಟ್ರೀಯ ಆಹಾರ ಮಂಡಳಿಯನ್ನು ತೆಗೆದುಹಾಕಿತು. ಯೋಜನೆಗಳು ಸೊರಗಿದವು, ಕೋವಿಡ್ ಬಂತು, ದೇಶ ಮತ್ತೆ ಹಸಿವಿನ ನಕ್ಷೆಗೆ ಬಿತ್ತು. 2023ರಲ್ಲಿ ಮಂಡಳಿ ಮರಳಿತು. 2025ರಲ್ಲಿ ಬ್ರೆಜಿಲ್ ಎರಡನೆಯ ಸಲ ಆ ನಕ್ಷೆಯಿಂದ ಹೊರಬಂತು. ಭೂಮಿ, ಮಳೆ, ಜನ ಎಲ್ಲ ಅವರೇ ಆಗಿದ್ದರು, ಆಳುವವರ ಆದ್ಯತೆಯಷ್ಟೇ ಬದಲಾಗಿತ್ತು.

ತಕ್ಕಡಿಯ ಮುಂದೆ

ಹಸಿವಿಗೂ ಬೊಜ್ಜಿಗೂ ಒಟ್ಟಿಗೆ ಮದ್ದಾಗುವ ಕ್ರಮಗಳು ಗುಟ್ಟಿನವಲ್ಲ. ಬಸುರಿಯ ಊಟ, ಮಗುವಿನ ಮೊದಲ ಎರಡು ವರ್ಷಗಳ ಆರೈಕೆ, ಬೇಳೆ–ಸಿರಿಧಾನ್ಯಗಳಿಗೆ ಅಕ್ಕಿ–ಗೋಧಿಯಷ್ಟೇ ಗಟ್ಟಿ ಖರೀದಿ, ಶಾಲೆಯಲ್ಲಿ ಮೊಟ್ಟೆ–ಹಾಲು–ತರಕಾರಿ, ಪೊಟ್ಟಣದ ಮೇಲೆ ಓದಲು ಬಾರದವರಿಗೂ ತಿಳಿಯುವ ಎಚ್ಚರಿಕೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕ ತೆರಿಗೆ, ಶುದ್ಧ ಕುಡಿಯುವ ನೀರು. ಒಂದೊಂದೂ ಯಾವುದೋ ದೇಶದಲ್ಲಿ ಜಾರಿಗೆ ಬಂದಿದೆ, ಒಂದೊಂದರ ಹಿಂದೆಯೂ ಯಾರೋ ಪಟ್ಟುಹಿಡಿದು ನಿಂತಿದ್ದಾರೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಅಳೆಯುವುದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳನ್ನು ತೂಗುತ್ತಾ ಬಂದಿದ್ದಾರೆ. ಗೋಣಿಚೀಲದಂಥ ಜೋಳಿಗೆಯಲ್ಲಿ ಮಗುವನ್ನು ಕೂರಿಸಿ ತೊಲೆಗೆ ತೂಗುಹಾಕಿದ ತಕ್ಕಡಿಗೆ ಸಿಕ್ಕಿಸುವುದು, ಮುಳ್ಳು ನಿಂತ ಜಾಗವನ್ನು ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆಯಾಗಿ ಗುರುತಿಸುವುದು, ಚುಕ್ಕೆ ಹಸಿರು ಪಟ್ಟಿಯಿಂದ ಕೆಳಗೆ ಜಾರಿದರೆ ತಾಯಿಯನ್ನು ಕೂರಿಸಿಕೊಂಡು ಮಾತಾಡುವುದು ಅವರ ಕೆಲಸ. ದೇಶದ ಮಕ್ಕಳ ಕಾಣದ ಹಸಿವನ್ನು ಕಾಣುವಂತೆ ಮಾಡುವವರು ಇವರೇ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಲು 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲಿ ಹಗಲುರಾತ್ರಿ ಕೂರಬೇಕಾಯಿತು. ಮಕ್ಕಳ ತೂಕದ ಬಗ್ಗೆ ಒಂದು ಸರ್ಕಾರದ ಕಾಳಜಿ ಎಷ್ಟೆಂದು ತಿಳಿಯಲು, ಆ ತಕ್ಕಡಿಯನ್ನು ಹಿಡಿದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು.